ಮೂರನೆಯ ಸಾಲಿನ ಮೌನ

ಹಾಡು ಮೂರನೆಯ ಸಾಲಿಗೆ ಬಂದಿತ್ತಷ್ಟೇ, ಮುಂದಿನ ಬೆಂಚಿನ ಮುದುಕಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ನಿಲ್ಸಪ್ಪಾ, ನಿಲ್ಸು. ತಪ್ಪು ಹಾಡ್ತಿದ್ದೀಯ."

ಹಾಡುಗಾರ ಗಿಟಾರಿನ ತಂತಿಗಳ ಮೇಲೆ ಅಂಗೈ ಊರಿದ. ಭಾನುವಾರದ ಆರಾಧನೆಗೆ ಇನ್ನೂ ಅರ್ಧ ಗಂಟೆಯಿತ್ತು. ಅವನು ಮೊದಲ ಸಲ ಹಾಡಲು ಬಂದಿದ್ದ ಆ ಚರ್ಚಿನ ಗಾಯನ ತಂಡದ ಹೆಂಗಸರ ಜೊತೆ ಅಭ್ಯಾಸ ನಡೆದಿತ್ತು. ಹಾಡು ಬರೆದವನೂ ಅವನೇ, ರಾಗ ಕಟ್ಟಿದವನೂ ಅವನೇ. ಆದರೆ ತಂಡದ ಯಜಮಾನಿಯಾದ ಆ ಮುದುಕಿ ಕೊಟ್ಟ ಹಾಳೆಯಲ್ಲಿ, ಬರೆದವರ ಹೆಸರಿರಬೇಕಾದ ಕಡೆ, 'ಹಳೇ ಕಾಲದ ಹಾಡು' ಎಂದಷ್ಟೇ ಇತ್ತು. ಹೆತ್ತ ತಾಯಿಗೇ ಮಗುವಿನ ಹೆಸರು ಹೇಳಿಕೊಟ್ಟಂತಾಯಿತು.

"ಏನು ತಪ್ಪಾಯ್ತಜ್ಜಿ?"

"'ದಣಿದ ಕಾಲಿಗೆ ನನ್ನ ಕರ್ತನೇ' ಅಂದ್ಮೇಲೆ ನಿಲ್ಬೇಕು. ತಲೆ ಬಗ್ಗಿಸ್ಬೇಕು. ಆಮೇಲೆ 'ನೀನೇ ಹೊಸಿಲು'. ನೀನು ನೋಡಿದ್ರೆ ಬಸ್ಸು ತಪ್ಪಿಹೋಗತ್ತೆ ಅನ್ನೋ ಹಾಗೆ ಓಡ್ತೀಯ. ದೇವರು ಮಾತಾಡೋದೇ ಅಲ್ಲಿ ಕಣಪ್ಪ."

ಬಾಗಿಲ ಬಳಿ, ಮಾರಾಟವಾಗದ ಸೀಡಿಗಳ ಪೆಟ್ಟಿಗೆಯ ಮೇಲೆಯೇ ಕುಳಿತಿದ್ದ ಅವನ ಅಕ್ಕ ನಗು ತಡೆಯಲು ಬಾಯಿ ಮುಚ್ಚಿಕೊಂಡಳು. ಅಲ್ಲಿ ದೇವರು ಮಾತಾಡಿರಲಿಲ್ಲ, ಅವಳು ಕೆಮ್ಮಿದ್ದಳು. ಹನ್ನೊಂದು ವರ್ಷದ ಹಿಂದೆ ಅವಳ ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಎರವಲು ತಂದ ಮೈಕಿನ ಮುಂದೆ ಹಾಡು ಮುದ್ರಿಸುವಾಗ, ನುಂಗಿ ನುಂಗಿ ತಡೆದಿದ್ದ ಕೆಮ್ಮು ಸರಿಯಾಗಿ ಆ ಸಾಲಿಗೇ ಸಿಡಿದಿತ್ತು. ಅವನು ಹಾಡು ತಡೆದು, ಅದು ಮುಗಿದ ಮೇಲೆ ಮುಂದುವರಿಸಿದ್ದ. ಸಂಜೆಯೊಳಗೆ ಮೈಕು ಹಿಂತಿರುಗಿಸಬೇಕಿತ್ತು. ಮತ್ತೆ ಹಾಡಲು ಹೊತ್ತಿರಲಿಲ್ಲ. ಕೆಮ್ಮನ್ನು ಅಳಿಸಿದರು, ಖಾಲಿ ಜಾಗ ಹಾಗೇ ಉಳಿಯಿತು.

ಅವನ ಹಾಡುಗಳಲ್ಲಿ ಊರೂರು ಸುತ್ತಿದ್ದು ಇದೊಂದೇ, ಅದೂ ಅವನ ಹೆಸರನ್ನು ದಾರಿಯಲ್ಲೆಲ್ಲೋ ಉದುರಿಸಿಕೊಂಡು. ಜನಪದದ ಧಾಟಿಗೆ ರಾಕ್ ಗಿಟಾರು ಜೋಡಿಸಿ ಯೇಸುವಿನ ಮೇಲೆ ಕಟ್ಟಿದ ಮಿಕ್ಕ ಹಾಡುಗಳು ಚರ್ಚಿನವರಿಗೆ ಗದ್ದಲ, ಗದ್ದಲ ಬೇಕಾದವರಿಗೆ ಪ್ರಾರ್ಥನೆ. ಹದಿನೆಂಟು ವರ್ಷ ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ತಿರುಗಿ ಹೆಗಲು ಸೋತಿತ್ತು. ಅಕ್ಕ ದುಡಿಯುವ ಗೋದಾಮಿನಲ್ಲಿ ಒಂದು ಕೆಲಸ ಖಾಲಿಯಿತ್ತು. ಅರ್ಜಿ ಅವಳ ಚೀಲದಲ್ಲಿತ್ತು. ಪ್ರತಿ ಭಾನುವಾರವೂ ಪಾಳಿ. ಇವತ್ತು ಸಹಿ ಹಾಕಿದರೆ ಹಾಡಿಗೆ ಅಲ್ಲಿಗೆ ಮಂಗಳ.

"ಹೋಗ್ಲಿ ಬಿಡು," ಎಂದಳು ಮುದುಕಿ. "ನೀನು ಬರೀ ಗಿಟಾರ್ ನುಡಿಸು. ಹಾಡನ್ನ ನಾವು ನೋಡ್ಕೋತೀವಿ."

ಆರಾಧನೆಯಲ್ಲಿ ಅವನು ಬರೀ ನುಡಿಸಿದ. ಮೂರನೆಯ ಸಾಲಿನಲ್ಲಿ ಇನ್ನೂರು ದನಿ ಒಮ್ಮೆಲೇ ಅಡಗಿ, ಇನ್ನೂರು ತಲೆ ಬಾಗಿದವು. ಗೋಡೆ ಗಡಿಯಾರದ ಸದ್ದು ಕೇಳಿಸಿತು. ಒಂದು ಕೆಮ್ಮಿಲ್ಲ. ಅವನು ಹಾಡುವಾಗ ಯಾವತ್ತೂ ಇಷ್ಟು ಜನ ಇಷ್ಟು ಸುಮ್ಮನಾಗಿರಲಿಲ್ಲ.

ಮುಗಿದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಅರ್ಜಿ ಬಿಚ್ಚಿದಳು. "ನಿಂದೇ ಹಾಡು ಅಂತ ಹೇಳ್ಬಾರ್ದಿತ್ತೇನೋ?"

"ಹೇಳಿದ್ರೆ ನಿನ್ನ ಕೆಮ್ಮಿನ ಕಥೇನೂ ಹೇಳ್ಬೇಕಾಗತ್ತಲ್ಲಕ್ಕ."

ಅವಳು ನಗಲು ಹೋಗಿ, ಪೆನ್ನು ಮುಂದೆ ಚಾಚಿದಳು. ಅವನು ಗಿಟಾರಿನ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದ.

ಊರುಗೋಲಿನ ಸದ್ದು ಹತ್ತಿರ ಬಂತು. "ಬೇಜಾರು ಮಾಡ್ಕೋಬೇಡ ಕಣಪ್ಪ. ಕೈ ಚೆನ್ನಾಗಿದೆ ನಿಂದು. ಮುಂದಿನ ಭಾನುವಾರ ಬಾ. ನಾಲ್ಕು ವಾರ ಬಂದ್ರೆ ಹಾಡೂ ನಾಲಿಗೆಗೆ ಹತ್ತತ್ತೆ."

ಸಹಿಯ ಮಸಿ ಇನ್ನೂ ಆರಿರಲಿಲ್ಲ. "ಮುಂದಿನ ಭಾನುವಾರ..." ಎಂದು ಶುರುಮಾಡಿದವನಿಗೆ ಮುಂದೆ ಮಾತು ಹೊರಡಲಿಲ್ಲ, ತಲೆ ತಾನಾಗಿ ಬಾಗಿತು.

ಮುದುಕಿ ಕಾದಳು. ಆಮೇಲೆ ಮುಖವರಳಿಸಿ ಅವನ ಹೆಗಲು ತಟ್ಟಿದಳು.

"ನೋಡು, ಈಗ ಬಂತು. ಇಷ್ಟೇ ಹೊತ್ತು ನಿಲ್ಬೇಕು."