ಕೊನೆಯ ಹತ್ತು ಶೀಷೆ

"ಸೂಜಿ ನನಗ ಹಾಕ್ರಿ," ಎಂದು ಹುಚ್ಚೀರಪ್ಪ ಡಾಕ್ಟರರ ಮೇಜಿನ ಮೇಲೆ ಕೈಯೂರಿದ.

ಗದಗಿನ ಹತ್ತಿ ವ್ಯಾಪಾರಿ ಇವನು. ಹಿಂದಿನ ದಿನವಷ್ಟೇ ಏಕೀಕರಣದ ಸಭೆಯಲ್ಲಿ ಕನ್ನಡ ತಾಯಿಯನ್ನು ನೆನೆದು ಕಣ್ಣೀರು ಸುರಿಸಿದ್ದ. ಮುಂಬಯಿಗೆ ಹೋದಾಗ ಎಲ್ಲೆಲ್ಲೋ ಮಲಗಿ, ಸಿಫಿಲಿಸ್ ಹತ್ತಿಸಿಕೊಂಡು ಬಂದು ಹೆಂಡತಿ ಕಸ್ತೂರೆವ್ವನಿಗೂ ಹಂಚಿದ್ದ. ಆಕೆಯ ಮೂರು ಕೂಸುಗಳು ಹೊಟ್ಟೆಯಲ್ಲೇ ಸತ್ತಿದ್ದವು. ಈಗ ನಾಲ್ಕನೆಯದಕ್ಕೆ ಐದು ತಿಂಗಳು.

ಪೆನಿಸಿಲಿನ್ ಎಲ್ಲೂ ಸಿಗುತ್ತಿರಲಿಲ್ಲ. ಡಾಕ್ಟರ್ ನರೇಗಲ್ಲರ ಕಪಾಟಿನಲ್ಲಿ ಉಳಿದದ್ದು ಹತ್ತೇ ಶೀಷೆ, ಒಬ್ಬರಿಗಾಗುವಷ್ಟು. ಅದರ ಬದಲಿಗೆ ಕೊಡಲು ಹೊಸದಾಗಿ ಬಂದ ಹಳದಿ ಗುಳಿಗೆಗಳಿದ್ದವು.

"ನಿಮಗ ಗುಳಿಗಿ ನಡೀತದ," ಎಂದರು ಡಾಕ್ಟರು. "ಬಸುರಿಗೆ ಸೂಜಿನೇ ಬೇಕು. ಇಲ್ಲಂದ್ರ ಈ ಕೂಸೂ ಉಳಿಯೂದಿಲ್ಲ."

"ಗುಳಿಗಿ ಕೂಲಿಯವರಿಗೆ ಕೊಡ್ರಿ. ಯಾರಿಗೂ ಸಿಗಲಾರದ್ದು ನನಗ ಬೇಕು. ಆಕಿಗೆ ಏನೂ ಬ್ಯಾಡ, ಊರಿಗೆಲ್ಲ ಖಬರ ಆಗ್ತೈತಿ. ಕೂಸು ಇನ್ನೊಂದು ಆದೀತು."

ಡಾಕ್ಟರು ಕಪಾಟಿನ ಕೀಲಿ ಕೈಗೆತ್ತಿಕೊಂಡು, "ಆತು," ಎಂದರು.

ಕಂಪೌಂಡರ್ ಬುಡ್ಡೇಸಾಬನಿಗೆ ಹೇಸಿಗೆಯಾಯಿತು. ಓದಿದ ಮನುಷ್ಯನೂ ಸಾಹುಕಾರನ ಮುಂದೆ ಬಾಲ ಅಲ್ಲಾಡಿಸಬೇಕೇ? ಮರುದಿನದಿಂದ ಡಾಕ್ಟರು ತಾವೇ ಒಳಗೆ ಹೋಗಿ ಸಿರಿಂಜು ತುಂಬಿಕೊಂಡು ಬರತೊಡಗಿದರು. ಕಂಪೌಂಡರನ ಕೈಗೆ ಕೊಡಲಾರದಷ್ಟು ಭಕ್ತಿ! ಸಾಲದ್ದಕ್ಕೆ, "ಸೂಜಿ ಉಷ್ಣ ಮಾಡ್ತದ. ತಂಪಿಗೆ ಇವನ್ನ ದಿನಕ್ಕ ನಾಲ್ಕು ಸಲ ನುಂಗ್ರಿ, ತಪ್ಪಿಸಬ್ಯಾಡ್ರಿ," ಎಂದು ಹಳದಿ ಗುಳಿಗೆಗಳನ್ನೂ ಸಾಹುಕಾರನಿಗೇ ಕೊಟ್ಟರು. ಇದ್ದ ಎರಡೂ ಔಷಧ ಒಬ್ಬನಿಗೇ. ಬುಡ್ಡೇಸಾಬ ಹಲ್ಲು ಕಡಿದ.

ಹುಚ್ಚೀರಪ್ಪ ದಿನಾ ಕುರ್ಚಿ ಹಿಡಿದು, "ಯವ್ವಾ!" ಎಂದು ಚೀರಿ ಸೂಜಿ ಹಾಕಿಸಿಕೊಂಡ. ಹತ್ತನೆಯ ದಿನ ಧೋತರ ಸರಿಮಾಡಿಕೊಳ್ಳುತ್ತ, "ಪೆನಿಸಿಲಿನ್ ಅಂದ್ರ ಪೆನಿಸಿಲಿನ್ ನೋಡ್ರಿ! ಮೈ ಹಗೂರ ಆಗೇತಿ," ಎಂದು ಬೀಗಿ ಹೊರಟ.

ಅವನು ಹೋದದ್ದೇ ತಡ, ಸೂಲಗಿತ್ತಿ ಗುಲಾಬಬಿ ಬಂದಳು. ಬಸುರಿಯರ ಮೈ ತಿಕ್ಕಲು ಮನೆಮನೆಗೆ ಹೋಗುವವಳು. ಅವಳು ಒಳಗಿರುವಾಗ ಗಂಡಸರು ಆ ಕೋಣೆಯತ್ತ ಸುಳಿಯುವಂತಿಲ್ಲ. ಸೂಜಿ ಹಾಕುವುದನ್ನು ಡಾಕ್ಟರೇ ಅವಳಿಗೆ ಕಲಿಸಿದ್ದರು. ಸೆರಗಿನ ಗಂಟು ಬಿಚ್ಚಿ ಹತ್ತು ಖಾಲಿ ಶೀಷೆಗಳನ್ನು ಮೇಜಿನ ಮೇಲಿಟ್ಟಳು.

"ಕಸ್ತೂರೆವ್ವಗ ಕಡೀ ಸೂಜಿ ಇವತ್ತ ಆತ್ರಿ. ಕೂಸು ಜೋರ ಒದೀತೈತಿ."

ಬುಡ್ಡೇಸಾಬ ಬೆಪ್ಪಾಗಿ ಡಾಕ್ಟರರನ್ನು ನೋಡಿದ. "ಹಂಗಾರ ಸಾಹುಕಾರ್ರಿಗೆ ಹಾಕಿದ್ದು?"

"ನೀರು," ಎಂದರು ಡಾಕ್ಟರು. "ಖರೇ ಔಷಧ ತಂಪಿಗಂತ ದಿನಾ ನಾಲ್ಕು ಸಲ ನುಂಗಲಿಕ್ಕೆ ಹತ್ತ್ಯಾನ."