ಬೇರೆ ಕಡೆ ಮಣ್ಣಾದವರ ಕಲ್ಲು

"ನನ್ನ ತಾಯಿ ತೀರಿಕೊಂಡರು. ವಾಕ್ಯ ಸರಿ ಇದೆಯಾ ಟೀಚರ್?" ಫಿನ್ನಿಶ್ ಕ್ಲಾಸು ಮುಗಿದ ಮೇಲೆ ಹಬ್ತೊಮ್ ಕಾರಿಡಾರಿನಲ್ಲಿ ತಡೆದು ಕೇಳಿದಾಗ ಸಾತು "ಸರಿ ಇದೆ" ಎಂದುಬಿಟ್ಟಳು. ಇಪ್ಪತ್ತು ವರ್ಷದಿಂದ ವಲಸಿಗರಿಗೆ ಭಾಷೆ ಕಲಿಸುತ್ತಾ ಬಂದವಳ ಬಾಯಿಂದ ಹೊರಟ ಉತ್ತರ ಅದು! ಅವಳಿಗೆ ನಾಚಿಕೆಯಾಯಿತು. ಅವನು ಎರಿಟ್ರಿಯಾದಿಂದ ತಪ್ಪಿಸಿಕೊಂಡು ಬಂದವನು, ವಾಪಸ್ ಕಾಲಿಟ್ಟರೆ ಜೈಲೇ ಗತಿ. ಅಮ್ಮನ ಮಣ್ಣಿಗೂ ಹೋಗಲಾಗಲಿಲ್ಲ.

"ಅತ್ತುಬಿಡಿ ಹಬ್ತೊಮ್, ಎದೆ ಹಗುರ ಆಗುತ್ತೆ."

"ಎಲ್ಲಿ ಅಳಲಿ? ನಮ್ಮ ಕಡೆ ಸತ್ತವರನ್ನ ಹೆಸರು ಹಿಡಿದು ಕೂಗಿ ಕರೀಬೇಕು, ಕೇರಿಗೆಲ್ಲ ಕೇಳಬೇಕು. ನನ್ನ ಫ್ಲ್ಯಾಟಲ್ಲಿ ಹಾಗೆ ಕೂಗಿದ್ರೆ ಪಕ್ಕದ ಮನೆಯವರು ಪೊಲೀಸ್ ಕರೀತಾರೆ. ಗಂಟಲಲ್ಲೇ ಕೂತಿದೆ, ಇಳಿಯೋದೂ ಇಲ್ಲ, ಬರೋದೂ ಇಲ್ಲ."

ಪಾಠಪುಸ್ತಕದಲ್ಲಿ 'ನಮ್ಮ ಆಚರಣೆಗಳು' ಎಂದು ಅರ್ಧ ಪುಟವಿತ್ತು. ಅದನ್ನು ಓದಿಸುವ ಬದಲು ಸಾತು ಇಡೀ ಕ್ಲಾಸನ್ನು ಕ್ರಿಸ್‌ಮಸ್ ಹಿಂದಿನ ದಿನ ಮಿಕ್ಕೆಲಿ ಊರಿನ ಸ್ಮಶಾನಕ್ಕೆ ಬರಹೇಳಿದಳು. ಹಬ್ಬದ ದಿನ ಸ್ಮಶಾನಕ್ಕೆ ಯಾರು ಬರುತ್ತಾರೆ? ಕ್ಲಾಸಿನಿಂದ ಹಬ್ತೊಮ್ ಒಬ್ಬನೇ ಬಂದ. ಸಾತುವಿನ ಜೊತೆ ಅವಳ ಅಪ್ಪ ಆರ್ವೊ ಇದ್ದರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಅನ್ನುವಂಥ ಮುದುಕ, ಕೋಟಿನ ಎರಡೂ ಜೇಬಲ್ಲಿ ಒಂದೊಂದು ಮೇಣದಬತ್ತಿ ತುರುಕಿಕೊಂಡಿದ್ದರು.

ಮಧ್ಯಾಹ್ನ ಮೂರಕ್ಕೇ ಕತ್ತಲು. ಗೇಟು ದಾಟಿದವನು ಹಾಗೇ ನಿಂತುಬಿಟ್ಟ. ಕಣ್ಣು ಹಾಯುವಷ್ಟು ದೂರ ಹಿಮ, ಹಿಮದ ಮೇಲೆ ಗೋರಿಗೊಂದರಂತೆ ದೀಪ. ಹಬ್ಬದ ಸಂಜೆ ತಮ್ಮವರ ಗೋರಿಗೆ ದೀಪ ಇಡಲು ಊರಿಗೆ ಊರೇ ಅಲ್ಲಿ ನೆರೆದಿತ್ತು. ಆದರೆ ಬೂಟಿನಡಿಯ ಹಿಮ ಕರಕರ ಎನ್ನುವುದು ಬಿಟ್ಟರೆ ಒಂದು ಸದ್ದಿಲ್ಲ.

"ಅಬ್ಬಾ!" ಎಂದ ಹಬ್ತೊಮ್ ಮೆಲ್ಲಗೆ. "ಇಷ್ಟು ಜನ, ಒಬ್ಬರ ಬಾಯಲ್ಲೂ ಮಾತಿಲ್ಲವಲ್ಲ ಟೀಚರ್. ಇಲ್ಲಿ ಏನು ಹೇಳಬೇಕು?"

"ಏನೂ ಹೇಳಬಾರದು. ಅದೂ ಫಿನ್ನಿಶೇ."

"ಹಾಗಾದ್ರೆ ಈ ಪಾಠದಲ್ಲಿ ನಾನು ಫೇಲು ಬಿಡಿ."

ಮರಗಳ ನಡುವೆ ದೊಡ್ಡದೊಂದು ಕಲ್ಲು. ಅದರ ಬುಡದಲ್ಲಿ ಬೇರೆ ಯಾವ ಗೋರಿಗೂ ಇಲ್ಲದಷ್ಟು ದೀಪ. ಹಬ್ತೊಮ್ ಕಲ್ಲಿನ ಸುತ್ತ ಹುಡುಕಿದ. "ಯಾರೋ ಭಾರಿ ದೊಡ್ಡ ಮನುಷ್ಯ ಇರಬೇಕು. ಹೆಸರೆಲ್ಲಿದೆ?"

"ಹೆಸರಿಲ್ಲ. ಬೇರೆ ಕಡೆ ಮಣ್ಣಾದವರಿಗೆಲ್ಲ ಸೇರಿ ಒಂದೇ ಕಲ್ಲು. ಪ್ರತಿ ಊರಲ್ಲೂ ಹೀಗೆ ಒಂದಿರುತ್ತೆ," ಎಂದಳು ಸಾತು. "ಮಹಾಯುದ್ಧ ಮುಗಿದಾಗ ಅಪ್ಪನ ಊರು ಗಡಿಯಾಚೆ, ಬೇರೆ ದೇಶದ ಪಾಲಿಗೆ ಹೋಯ್ತು. ನಮ್ಮಜ್ಜಿ ಮಲಗಿರೋದು ಅಲ್ಲಿ. ಅಪ್ಪ ದೀಪ ಇಡೋದು ಇಲ್ಲಿ."

ಹಬ್ತೊಮ್ ಕಲ್ಲಿನ ಮೇಲೆ ಕೈಯಿಟ್ಟ. "ಬೇರೆ ಕಡೆ ಅಂದ್ರೆ... ಎಲ್ಲಿಯವರೆಗೆ? ನಮ್ಮ ಕೆರೆನ್ ಊರೂ ಸೇರುತ್ತಾ?"

ಉತ್ತರ ಕೊಟ್ಟವರು ಆರ್ವೊ. "ಸೇರುತ್ತೆ," ಎಂದು ಒಂದು ಬತ್ತಿ ತೆಗೆದು ಅವನ ಕೈಯಲ್ಲಿಟ್ಟರು.

ಹಬ್ತೊಮ್ ಹಿಮದಲ್ಲಿ ಮಂಡಿಯೂರಿ ದೀಪ ಹಚ್ಚಿದ. ಆಮೇಲೆ ಎದೆ ಬಡಿದುಕೊಂಡು, "ಅದೈ!" ಎಂದು ಕೂಗಿದ.

ಸಾತು ಬೆಚ್ಚಿಬಿದ್ದಳು. ಅಮ್ಮನನ್ನು ಕರೆಯುತ್ತಿದ್ದಾನೆಂದು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ. ಕರೆದ, ಕೇಳಿದ, ಬೈದ, ಲಾಲಿ ಹಾಡಿದಂತೆ ರಾಗ ಎಳೆದ, ಮತ್ತೆ ಕರೆದ. ಅಯ್ಯೋ, ಜನ ಏನಂದುಕೊಂಡಾರು ಎಂದು ಅವಳು ಮೊದಲು ಅತ್ತಿತ್ತ ನೋಡಿದಳು. ದೂರದ ಗೋರಿಗಳ ಹತ್ತಿರವೂ ಜನ ನಿಂತಲ್ಲೇ ನಿಂತಿದ್ದರು. ಯಾರೂ ಮುಖ ಸಿಂಡರಿಸಲಿಲ್ಲ, ಯಾರೂ ಹೊರಟುಹೋಗಲಿಲ್ಲ. ಹುಟ್ಟಿದಾಗಿನಿಂದ ಬರುತ್ತಿರುವ ಈ ಜಾಗ ಇಷ್ಟು ದೊಡ್ಡದು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವನ ದನಿ ಇಳಿಯಿತು. ಇನ್ನು ಹೊರಡೋಣ ಎಂದು ಅವಳು ಅಪ್ಪನ ತೋಳು ಹಿಡಿದಳು. ಅಪ್ಪ ಅಲುಗಲಿಲ್ಲ. ಆ ಕೊರೆಯುವ ಚಳಿಯಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಅಮ್ಮಾ," ಎಂದರು.

ಆ ಪದ ಅಪ್ಪನ ಬಾಯಲ್ಲಿ ಸಾತು ಕೇಳಿದ್ದು ಅದೇ ಮೊದಲು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕರೆದರು, ಈ ಸಲ ಗಡಿಯಾಚೆಗೂ ಕೇಳುವ ಹಾಗೆ.