ಹಿಡಿಕೆಯ ಎರಡು ತಗ್ಗು

ಕಂಪನಿಯವರು ಕಳಿಸಿದ್ದ ನೋಟಿಸನ್ನು ವೆಲ್ಡಿಂಗ್ ಅಂಗಡಿಯ ಇಮಾಮ್‌ಸಾಬ ಎಡಗೈಯಿಂದಲೇ ಮ್ಯಾನೇಜರನ ಮೇಜಿನ ಮೇಲೆ ಎಸೆದ. ನಾಲ್ಕು ಜನರ ಮುಂದೆ ಬಲಗೈಯನ್ನು ಜೇಬಿನಿಂದ ತೆಗೆಯುವ ರೂಢಿ ಅವನಿಗಿರಲಿಲ್ಲ.

“ಹುಣಸಿಬೀಜ ಬಿಡಸೋ ಈ ಮಷಿನ್ ನಾ ಹತ್ತು ವರ್ಷದಿಂದ ಮಾಡಾಕತ್ತೀನಿ. ನಿಮ್ಮ ಮಂದಿನ ಬಂದು ನನ್ನ ಅಂಗಡಿಯಾಗಿಂದು ಒಂದು ಒಯ್ದ್ರು. ಈಗ ನಾನ ಕಳ್ಳ ಏನ್ರೀ?”

“ಪೇಟೆಂಟ್ ನಮ್ಮ ಹೆಸರಲ್ಲಿದೆ,” ಎನ್ನುತ್ತ ಮ್ಯಾನೇಜರ್ ಪಕ್ಕದಲ್ಲಿದ್ದ ಕಂಪನಿಯ ಯಂತ್ರವನ್ನು ತಟ್ಟಿದ. “ಇನ್ನೊಂದು ಮಾಡಿದ್ರೂ ಕೋರ್ಟಿಗೆ ಎಳೀತೀವಿ. ಇದರ ಒಂದೊಂದು ಭಾಗಾನೂ ನಮ್ಮ ಇಂಜಿನಿಯರುಗಳೇ ಯೋಚನೆ ಮಾಡಿ ಮಾಡಿದ್ದು.”

ಇಮಾಮ್‌ಸಾಬ ಎಡಗೈಯಿಂದ ಆ ಯಂತ್ರದ ಹಿಡಿಕೆಯತ್ತ ತೋರಿಸಿದ. “ಹಂಗಾರ ಹೇಳ್ರಿ. ಹಿಡಿಕಿ ಮ್ಯಾಲೆ ನಾಕು ಬೆರಳಿಗೆ ನಾಕು ತಗ್ಗು ಇರಬೇಕಲ್ಲ, ಎರಡ ಯಾಕ ಅದಾವು?”

ಮ್ಯಾನೇಜರ್ ಕಾಗದ ತಿರುವಿದ. “ಅದು... ಹಿಡಿತ ಬಿಗಿಯಾಗಿರಲಿ ಅಂತ. ಎರಡು ವರ್ಷದ ಸಂಶೋಧನೆ ಅದು.”

ಇಮಾಮ್‌ಸಾಬ ಜೇಬಿನಿಂದ ಬಲಗೈ ತೆಗೆದು ಹಿಡಿಕೆಯನ್ನು ಗಪ್ಪನೆ ಹಿಡಿದ. ಲೇತ್ ಮಷಿನ್ ತಿಂದು, ಹೆಬ್ಬೆರಳಿನ ಪಕ್ಕ ಉಳಿಸಿದ್ದ ಎರಡೇ ಬೆರಳು ಆ ಎರಡು ತಗ್ಗುಗಳಲ್ಲಿ ಹೇಳಿ ಮಾಡಿಸಿದಂತೆ ಕೂತವು.